ಕರೆಂಟು ತೆಗೆದ ನೀರಿನಲ್ಲಿ ಸತ್ವ ಉಳಿಯುತ್ತದೆಯೇ?

ಹೋದ ಸಂಚಿಕೆಯಲ್ಲಿ ಒಂದು ಚಿಕ್ಕ ಜಲವಿದ್ಯುತ್ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಪಾಳಿ ಮಾಡಿದ ಅನುಭವ ಬರೆದಿದ್ದೆ. 650 ಕಿಲೋವ್ಯಾಟಿನ ಎರಡು ಮಷೀನು, ಆರು ಮೀಟರ್ ಎತ್ತರದ ಅಣೆ, ಗುಡ್ಡದ ಹೊಟ್ಟೆಯಲ್ಲಿ ಒಂದು ಸುರಂಗ, ಆಚೆ ಬದಿಯಲ್ಲಿ ಪವರ್‌ಹೌಸ್. ಹೊಳೆ ಗುಡ್ಡವನ್ನು ಬಳಸಿಕೊಂಡು ಎರಡು ಕಿಲೋಮೀಟರ್ ಸುತ್ತಿ ಬರುತ್ತಿತ್ತು. ನಾವು ಅದರ ನೀರನ್ನು ಸುರಂಗದಲ್ಲಿ ಅಡ್ಡದಾರಿ ಹಿಡಿಸಿ ನಲವತ್ತು ಮೀಟರ್ ಕೆಳಗೆ ಬೀಳಿಸುತ್ತಿದ್ದೆವು. ಆ ಲೇಖನ ಓದಿ ಬಂದ ಪತ್ರಗಳಲ್ಲಿ ಕೆಲವನ್ನು ಸಂಪಾದಕರು ಆರಿಸಿ ಕಳಿಸಿದ್ದಾರೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ನೀರಿನಿಂದ ಕರೆಂಟು ತೆಗೆದ ಮೇಲೆ ಆ ನೀರಿನಲ್ಲಿ ಸತ್ವ ಇರುವುದಿಲ್ಲ, ಬೆಳೆಗೆ ಆಗಿಬರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ನಿಜವೇ?
– ಒಬ್ಬ ರೈತರು

ಕೆಲಸಕ್ಕೆ ಸೇರಿದ ಮೊದಲ ವರ್ಷದಿಂದ ಈ ಪ್ರಶ್ನೆ ಕೇಳುತ್ತಲೇ ಬಂದಿದ್ದೇನೆ. ನೋಡಲು ಬಂದ ಎಷ್ಟೋ ಜನ ಇಂಜಿನಿಯರುಗಳು ಇದಕ್ಕೆ ನಕ್ಕದ್ದನ್ನೂ ಕಂಡಿದ್ದೇನೆ. ನನಗೆ ಇದು ನಗುವ ಪ್ರಶ್ನೆ ಅನ್ನಿಸಿಲ್ಲ.

ಮೊದಲು ನೇರ ಉತ್ತರ. ಕರೆಂಟು ನೀರಿನ ಒಳಗೆ ಇರುವ ವಸ್ತುವಲ್ಲ, ಹಾಲಿನಿಂದ ಬೆಣ್ಣೆ ತೆಗೆದಂತೆ ತೆಗೆಯಲು ಬರುವುದಿಲ್ಲ. ನಾವು ಬಳಸುವುದು ನೀರಿನ ಭಾರವನ್ನು ಮತ್ತು ಅದು ಬೀಳುವ ಎತ್ತರವನ್ನು. ಮೆಟ್ಟಿಲ ಮೇಲಿಂದ ಉರುಳಿದ ಕಲ್ಲು ಕೆಳಗೆ ಬಂದ ಮೇಲೂ ಅದೇ ಕಲ್ಲು. ನೀರಿನ ರಭಸಕ್ಕೆ ತಿರುಗುವ ಚಕ್ರದಿಂದ, ಅಂದರೆ ಟರ್ಬೈನಿನಿಂದ ಹೊರಬಂದ ನೀರೂ ಹಾಗೆಯೇ. ಅದನ್ನು ಕುಡಿದು, ಅದರಲ್ಲೇ ಅಡುಗೆ ಮಾಡಿ ಉಂಡವನು ನಾನು.

ಆದರೆ ಹಿರಿಯರು ಕಣ್ಣಾರೆ ಕಂಡದ್ದು ಸುಳ್ಳಲ್ಲ. ಅಣೆ ಕಟ್ಟಿದ ಮೇಲೆ ಕೆಳಗಿನ ಹೊಲಗಳಿಗೆ ಮೊದಲಿನ ನೀರು ಬರುವುದಿಲ್ಲ. ಕಾರಣ ಟರ್ಬೈನಲ್ಲ, ಅದಕ್ಕೂ ಮೇಲೆ ನಿಂತಿರುವ ಗೋಡೆ. ಹರಿಯುವ ಹೊಳೆ ಮಣ್ಣು, ಮರಳು, ಕೊಳೆತ ಎಲೆ ಎಲ್ಲವನ್ನೂ ಹೊತ್ತು ತರುತ್ತದೆ. ಅಣೆಯ ಹಿಂದೆ ನೀರಿನ ವೇಗ ತಗ್ಗಿದ ಕೂಡಲೇ ಹೊತ್ತ ಹೊರೆಯನ್ನು ಅಲ್ಲೇ ಇಳಿಸಿಬಿಡುತ್ತದೆ. ಕೆಳಗೆ ಹೋಗುವುದು ತಿಳಿನೀರು. ನೋಡಲು ಚೆಂದ, ಹೊಲಕ್ಕೆ ಬರಿಗೈ. ಅಷ್ಟೇ ಅಲ್ಲ, ಹೊರೆ ಇಲ್ಲದ ನೀರು ಹಸಿದ ನೀರು. ಕೆಳಗಿನ ದಂಡೆಯನ್ನೂ ಹೊಳೆಯ ತಳವನ್ನೂ ಕೆರೆದು ತನ್ನ ಹೊರೆ ತುಂಬಿಕೊಳ್ಳಲು ನೋಡುತ್ತದೆ. ಅಣೆಯ ಕೆಳಗೆ ದಂಡೆ ಕುಸಿಯುವುದು, ತಳದಲ್ಲಿ ಮರಳು ಹೋಗಿ ಬರೀ ಗುಂಡುಕಲ್ಲು ಉಳಿಯುವುದು ಇದರಿಂದಲೇ.

ನಮ್ಮಲ್ಲಿ ವರ್ಷಕ್ಕೊಮ್ಮೆ ತಳದ ಗೇಟು ಎತ್ತಿ ಹಿನ್ನೀರನ್ನು ಪೂರ್ತಿ ಖಾಲಿ ಮಾಡುತ್ತಿದ್ದೆವು. ಆಗ ಕಾಣುತ್ತಿತ್ತು ಮೊಣಕಾಲಿನ ತನಕ ಹೂಳು. ಮೇಲೆ ಬಿರುಕು ಬಿಟ್ಟ ಬೂದುಬಣ್ಣದ ಪದರ, ಕೈ ಹಾಕಿ ತೆಗೆದರೆ ಒಳಗೆ ಕಪ್ಪಗೆ, ಜಿಡ್ಡಾಗಿ, ಕೊಳೆತ ಎಲೆಯ ವಾಸನೆ. ಕೆಳಗಿನ ರೈತರು ಬಂದು ಅದನ್ನು ಹೊಲಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಅದನ್ನು ಹೊಲಕ್ಕೆ ಹಾಕಿ ಬೆಳೆ ತೆಗೆದವರಿಗೆ ಸತ್ವ ಎಲ್ಲಿ ಕೂತಿತ್ತೆಂದು ಗೊತ್ತು.

ಆಳವಾದ ಜಲಾಶಯಗಳಲ್ಲಿ ಇನ್ನೂ ಒಂದು ವ್ಯತ್ಯಾಸ ಆಗುತ್ತದೆ. ತಳದ ನೀರು ತಣ್ಣಗಿರುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ. ಆ ನೀರನ್ನೇ ಬಿಟ್ಟರೆ ಮೀನಿಗೆ ಕಷ್ಟ. ನಮ್ಮಂಥ ಆರು ಮೀಟರಿನ ಅಣೆಯಲ್ಲಿ ಇದರ ಪರಿಣಾಮ ಅಲ್ಪ.

ಒಂದು ಯೂನಿಟ್ ಕರೆಂಟಿಗೆ ಎಷ್ಟು ನೀರು ಬೇಕು?
– ಹತ್ತನೇ ತರಗತಿಯ ವಿದ್ಯಾರ್ಥಿನಿ

ಲೆಕ್ಕ ನೀನೇ ಮಾಡಬಹುದಮ್ಮ. ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬೀಳುತ್ತದೋ ಅದನ್ನು ಬೀಳುವ ಎತ್ತರದ ಮೀಟರುಗಳಿಂದ ಗುಣಿಸು, ಮತ್ತೆ 9.81ರಿಂದ ಗುಣಿಸು. ಬರುವುದು ಕಿಲೋವ್ಯಾಟ್. ಅದರಲ್ಲಿ ಟರ್ಬೈನು, ಜನರೇಟರುಗಳ ನಷ್ಟ ಕಳೆಯಬೇಕು. ಒಳ್ಳೆಯ ಸ್ಥಿತಿಯಲ್ಲಿರುವ ಮಷೀನಾದರೆ ನೂರಕ್ಕೆ ಎಂಬತ್ತೈದರಷ್ಟು ಕೈಗೆ ಸಿಗುತ್ತದೆ ಎಂದಿಟ್ಟುಕೋ. ನಮ್ಮ ಕೇಂದ್ರದಲ್ಲಿ ಒಂದು ಮಷೀನಿಗೆ ಸೆಕೆಂಡಿಗೆ 2 ಘನ ಮೀಟರ್, ಎತ್ತರ 40 ಮೀಟರ್. ಗುಣಿಸಿದರೆ ಸುಮಾರು 667 ಕಿಲೋವ್ಯಾಟ್. ಮಷೀನಿನ ಮೇಲೆ ಬರೆದದ್ದು 650.

ಒಂದು ಕಿಲೋವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. ಹಾಗಾದರೆ ನಲವತ್ತು ಮೀಟರ್ ಎತ್ತರದಿಂದ ಒಂದು ಯೂನಿಟ್ ತೆಗೆಯಲು ಸುಮಾರು 10,800 ಲೀಟರ್ ನೀರು ಕೆಳಗೆ ಬೀಳಬೇಕು. ಎತ್ತರ ಎರಡರಷ್ಟಾದರೆ ನೀರು ಅರ್ಧ ಸಾಕು. ಬೆಟ್ಟದ ಮೇಲಿನ ಸಣ್ಣ ಝರಿ ಕೆಲವು ಸಲ ಬಯಲಿನ ದೊಡ್ಡ ಹೊಳೆಗಿಂತ ಹೆಚ್ಚು ಬೆಲೆಬಾಳುವುದು ಈ ಕಾರಣಕ್ಕೆ. ಹತ್ತು ನಿಮಿಷ ಲೈಟು ಮರೆತು ಬಿಟ್ಟಾಗ ಎಷ್ಟು ಲೀಟರ್ ಹೊಳೆ ಹೋಯಿತೆಂದು ನಿನ್ನ ಮನೆಯ ಬಲ್ಬಿನ ವ್ಯಾಟ್ ನೋಡಿ ಲೆಕ್ಕ ಹಾಕಿ ನನಗೆ ಬರೆ.

ಪಕ್ಕದಲ್ಲೇ ಹೊಳೆ ಹರಿಯುತ್ತದೆ, ಪವರ್‌ಹೌಸ್ ಕೂಡ ಇದೆ. ಆದರೂ ಮೇನ್ ಲೈನ್ ಹೋದಾಗ ಪವರ್‌ಹೌಸೂ ನಿಂತು ನಾವೆಲ್ಲ ಕತ್ತಲಲ್ಲಿ ಕೂರುತ್ತೇವೆ. ಇದು ಯಾವ ನ್ಯಾಯ?
– ಇದನ್ನೇ ಐದು ಜನ ಕೇಳಿದ್ದಾರೆ

ನ್ಯಾಯ ಅಲ್ಲ ಅನ್ನಿಸುವುದು ಸಹಜ. ಪವರ್‌ಹೌಸಿನ ಗೇಟಿಗೆ ಬಂದು ಜಗಳ ಆಡಿದವರೂ ಇದ್ದಾರೆ. ಒಳಗೆ ಏನಾಗುತ್ತದೆಂದು ಹೇಳುತ್ತೇನೆ.

ಮಷೀನನ್ನು ಗ್ರಿಡ್ಡಿಗೆ, ಅಂದರೆ ಎಲ್ಲ ಕೇಂದ್ರಗಳನ್ನೂ ಊರುಗಳನ್ನೂ ಜೋಡಿಸುವ ತಂತಿಯ ಜಾಲಕ್ಕೆ ಸೇರಿಸುವುದನ್ನು ನಾವು ಸಿಂಕ್ ಮಾಡುವುದು ಅನ್ನುತ್ತೇವೆ. ಪ್ಯಾನೆಲ್ಲಿನಲ್ಲಿ ಒಂದು ದುಂಡು ಮೀಟರ್ ಇರುತ್ತದೆ, ಸಿಂಕ್ರೋಸ್ಕೋಪ್. ಅದರ ಮುಳ್ಳು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಮಷೀನು ಗ್ರಿಡ್ಡಿಗಿಂತ ವೇಗವಾಗಿದ್ದರೆ ಬಲಕ್ಕೆ, ನಿಧಾನವಾಗಿದ್ದರೆ ಎಡಕ್ಕೆ. ನೀರು ಹೆಚ್ಚುಕಡಿಮೆ ಮಾಡಿ ಮಷೀನಿನ ವೇಗ ಕಾಯುವ ಗವರ್ನರಿನ ಹಿಡಿಕೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಮುಳ್ಳು ಬಲಕ್ಕೆ ಬಲು ನಿಧಾನವಾಗಿ ತಿರುಗುವಂತೆ ಮಾಡಬೇಕು. ವೋಲ್ಟೇಜ್ ಸಮ ಇರಬೇಕು. ಮುಳ್ಳು ಹನ್ನೆರಡು ಗಂಟೆಯ ಜಾಗಕ್ಕೆ ಬರಲು ಇನ್ನು ಕೊಂಚ ಇದೆ ಅನ್ನುವಾಗ ಬ್ರೇಕರ್, ಅಂದರೆ ಮಷೀನನ್ನು ಲೈನಿಗೆ ಸೇರಿಸುವ ದೊಡ್ಡ ಸ್ವಿಚ್ಚು ಹಾಕಬೇಕು. ಹೊಂದಿಕೊಂಡರೆ ಮೆತ್ತಗೆ ‘ಹೂಂ’ ಎಂದು ಸೇರಿಕೊಳ್ಳುತ್ತದೆ. ತಪ್ಪಿದರೆ ಇಡೀ ಕಟ್ಟಡ ನಡುಗುತ್ತದೆ, ಶಾಫ್ಟಿಗೆ ಪೆಟ್ಟು ಬೀಳುತ್ತದೆ. ಮೊದಲ ಸಲ ನನ್ನ ಕೈಯಲ್ಲಿ ಸಿಂಕ್ ಮಾಡಿಸಿದಾಗ ನಮ್ಮ ಹಿರಿಯ ಆಪರೇಟರು ಹಿಂದೆ ನಿಂತು “ಮುಳ್ಳು ನೋಡಬೇಡಪ್ಪ, ಕಿವಿಕೊಡು” ಅಂದಿದ್ದರು. ಆ ಮಾತಿನ ಅರ್ಥ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಒಮ್ಮೆ ಸೇರಿಕೊಂಡ ಮೇಲೆ ಗ್ರಿಡ್ ಎಂಬ ದೊಡ್ಡ ಮಂದೆಯ ಜೊತೆ ನಮ್ಮ ಚಿಕ್ಕ ಮಷೀನು ಹೆಜ್ಜೆ ಹಾಕುತ್ತದೆ. ಲೈನು ತಟ್ಟನೆ ಹೋದರೆ ತಳ್ಳುವ ನೀರು ಹಾಗೆಯೇ ಇದೆ, ಹೊರುವ ಲೋಡು ಇಲ್ಲ. ಮಷೀನು ಹುಚ್ಚೆದ್ದು ಓಡತೊಡಗುತ್ತದೆ. ನಿಮಿಷಕ್ಕೆ 600 ಸುತ್ತಿನದು ಕಣ್ಣು ಮಿಟುಕಿಸುವುದರೊಳಗೆ ಏರುತ್ತದೆ. ಗವರ್ನರ್ ಟರ್ಬೈನಿಗೆ ನೀರು ಬಿಡುವ ರೆಕ್ಕೆಗಳನ್ನು, ಅಂದರೆ ಗೈಡ್ ವೇನುಗಳನ್ನು ಮುಚ್ಚುತ್ತದೆ, ಆದರೆ ಪಟ್ಟನೆ ಮುಚ್ಚುವಂತಿಲ್ಲ. ಸುರಂಗದಲ್ಲಿ ಓಡಿ ಬರುತ್ತಿರುವ ನೀರನ್ನು ಒಮ್ಮೆಲೇ ತಡೆದರೆ ಅದು ಸುತ್ತಿಗೆಯಂತೆ ಪೈಪಿಗೆ ಬಡಿಯುತ್ತದೆ. ಪೈಪು ಸೀಳಿಹೋಗಬಹುದು. ಆ ಏಟನ್ನು ನುಂಗಲೆಂದೇ ಗುಡ್ಡದ ಮೇಲೆ ಸರ್ಜ್ ಟ್ಯಾಂಕ್ ಕಟ್ಟಿರುತ್ತಾರೆ. ಮಷೀನು ಹೀಗೆ ತಟ್ಟನೆ ಲೈನಿನಿಂದ ಕಡಿದು ನಿಂತಾಗ, ಅಂದರೆ ಟ್ರಿಪ್ ಆದಾಗ, ಅದರೊಳಗೆ ನೀರು ಮೇಲೇರಿ ಇಳಿದು, ಮತ್ತೆ ಏರಿ ಇಳಿದು ಬಹಳ ಹೊತ್ತು ಉಸಿರಾಡುತ್ತದೆ.

ಸುತ್ತಲಿನ ಮನೆಗಳಿಗಾದರೂ ಕರೆಂಟು ಕೊಡಬಾರದೇ ಅಂದರೆ, ಎರಡು ಅಡ್ಡಿ. ಮನೆಗಳಲ್ಲಿ ಪಂಪು ಹಾಕಿದಾಗ, ತೆಗೆದಾಗ ಲೋಡು ಏರಿಳಿಯುತ್ತದೆ; ಅದಕ್ಕೆ ತಕ್ಕಂತೆ ಒಂಟಿಯಾಗಿ ವೇಗ ಕಾಯ್ದುಕೊಳ್ಳುವ ಗವರ್ನರು, ಬೇರೆ ಸ್ವಿಚ್ಚುಗಳು ಇರಬೇಕು. ಇನ್ನೊಂದು, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಮನುಷ್ಯನ ಜೀವ. ನಾವು ಈ ಕಡೆಯಿಂದ ಕರೆಂಟು ತುಂಬಿದರೆ ಅವನ ಗತಿ ಏನು? ಇದಕ್ಕೆ ರಕ್ಷಣೆಯ ಏರ್ಪಾಡು ಮಾಡಿಕೊಂಡು ಒಂಟಿಯಾಗಿ ಓಡುವ ಕೇಂದ್ರಗಳೂ ಇವೆ. ಹಾಗೆ ಮಾಡಿಸಬಹುದು. ಆದರೆ ಕಟ್ಟುವಾಗಲೇ ಯೋಚಿಸಿ ದುಡ್ಡು ಹಾಕಿರಬೇಕು.

ಟರ್ಬೈನುಗಳಲ್ಲಿ ಯಾವುದು ಒಳ್ಳೆಯದು?
– ಡಿಪ್ಲೊಮಾ ವಿದ್ಯಾರ್ಥಿ

ಒಳ್ಳೆಯದು ಕೆಟ್ಟದ್ದು ಅಂತಿಲ್ಲ, ಜಾಗ ಹೇಳಿದಂತೆ ಕೇಳಬೇಕು. ನೀರು ಕಡಿಮೆ, ಎತ್ತರ ಬಹಳ ಇದ್ದರೆ ಪೆಲ್ಟನ್. ನಡುವಿನದಕ್ಕೆ ಫ್ರಾನ್ಸಿಸ್, ನಮ್ಮಲ್ಲಿ ಇದ್ದದ್ದು ಅದೇ. ಎತ್ತರ ಕೆಲವೇ ಮೀಟರ್, ನೀರು ಹೇರಳ ಎಂದರೆ ಕಪ್ಲಾನ್. ಬಹಳ ತಗ್ಗಿನ ಅಣೆಗಳಲ್ಲಿ ಈಗ ಆರ್ಕಿಮಿಡೀಸ್ ಸ್ಕ್ರೂ ಕೂಡ ಹಾಕುತ್ತಾರೆ. ನೀರೆತ್ತಲು ಬಳಸುತ್ತಿದ್ದ ಸುರುಳಿಯನ್ನು ತಿರುವುಮುರುವಾಗಿ ಓಡಿಸುವುದು. ಮೆಲ್ಲಗೆ ತಿರುಗುವುದರಿಂದ ಮೀನುಗಳಿಗೆ ಅಪಾಯ ಕಡಿಮೆ.

ಮಷೀನು ಓಡುವಾಗ ಒಳಗೆ ಜಲ್ಲಿ ಸುರಿದಂತೆ ಸದ್ದು ಬರುತ್ತದೆ, ಏಕೆ ಎಂದೂ ನೀವು ಕೇಳಿದ್ದೀರಿ. ಒಳಗೆ ಜಲ್ಲಿ ಇರುವುದಿಲ್ಲ. ರನ್ನರಿನ, ಅಂದರೆ ಟರ್ಬೈನಿನೊಳಗೆ ತಿರುಗುವ ಚಕ್ರದ ಹಿಂದೆ ಒತ್ತಡ ತೀರಾ ಇಳಿದಾಗ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ, ಮುಂದೆ ಒತ್ತಡ ಏರಿದಲ್ಲಿ ಒಡೆಯುತ್ತವೆ. ಒಂದೊಂದು ಒಡೆತವೂ ಲೋಹಕ್ಕೆ ಒಂದು ಚುಚ್ಚು. ಬಿಚ್ಚಿ ನೋಡಿದರೆ ಉಕ್ಕು ಹುಳು ತಿಂದ ಮರದಂತೆ ಆಗಿರುತ್ತದೆ. ಸದ್ದು ಕೇಳಿದ ದಿನವೇ ಲೋಡು ಬದಲಿಸಿ ನೋಡಿ, ಮುಂದಿನ ನಿಲುಗಡೆಯವರೆಗೆ ಕಾಯಬೇಡಿ.

ಜಲವಿದ್ಯುತ್ ಮೊದಲು ಶುರುವಾದದ್ದೇ ಶಿವನಸಮುದ್ರದಲ್ಲಿ ಅಲ್ಲವೇ?
– ನಿವೃತ್ತ ಶಿಕ್ಷಕರು

ಅಲ್ಲ ಸರ್, ಆದರೆ ಅದರ ಹಿರಿಮೆ ಬೇರೆ ಕಡೆ ಇದೆ. ಇಂಗ್ಲೆಂಡಿನ ಕ್ರಾಗ್‌ಸೈಡ್ ಎಂಬ ಮನೆಯಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ 1878ರಲ್ಲೇ ಕೆರೆಯ ನೀರಿನಿಂದ ದೀಪ ಉರಿಸಿದ್ದರು. ಅಮೆರಿಕದ ಆಪಲ್‌ಟನ್ನಿನಲ್ಲಿ ಫಾಕ್ಸ್ ನದಿಯ ಮೇಲೆ 1882ರಲ್ಲಿ ಕೇಂದ್ರ ಶುರುವಾಯಿತು. ಭಾರತದಲ್ಲಿ ಡಾರ್ಜಿಲಿಂಗಿನ ಹತ್ತಿರದ ಸಿದ್ರಪಾಂಗ್ 1897ರದ್ದು, 65 ಕಿಲೋವ್ಯಾಟಿನ ಎರಡು ಮಷೀನು. ನಮ್ಮ ಕೇಂದ್ರಕ್ಕಿಂತಲೂ ಚಿಕ್ಕದು! 1902ರಲ್ಲಿ ಶಿವನಸಮುದ್ರ ಮಾಡಿದ ಸಾಧನೆ ದೂರದ್ದು. ಕಾವೇರಿಯ ಕರೆಂಟನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಒಯ್ದರು. ಆ ಕಾಲಕ್ಕೆ ಅಷ್ಟು ದೂರ ಸಾಗಿಸಿದ್ದು ಲೋಕವೇ ಬೆರಗಾಗುವ ಕೆಲಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ.

ಅಣೆಯ ಕೆಳಗೆ ಹೊಳೆ ಒಣಗಿರುತ್ತದೆ, ಬಂಡೆಗಳ ನಡುವೆ ಚೆಂದದ ಮಡುಗಳಿವೆ. ಮಕ್ಕಳನ್ನು ಕರೆದುಕೊಂಡು ಇಳಿಯಬಹುದೇ?
– ಗೃಹಿಣಿ

ಬೇಡ ತಾಯಿ. ದಯವಿಟ್ಟು ಬೇಡ. ಎಷ್ಟು ಒಣಗಿದ್ದರೂ, ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲದಿದ್ದರೂ ಬೇಡ.

ಆ ಜಾಗ ಒಣಗಿರುವುದು ಹೊಳೆಯಲ್ಲಿ ನೀರಿಲ್ಲದ್ದಕ್ಕಲ್ಲ, ನೀರು ಸುರಂಗದಲ್ಲಿ ಹೋಗುತ್ತಿರುವುದಕ್ಕೆ. ಮಷೀನು ಟ್ರಿಪ್ ಆದರೆ ಸುರಂಗದ ಬಾಯಿ ಕಟ್ಟಿದಂತೆ. ಸೆಕೆಂಡಿಗೆ ನಾಲ್ಕು ಘನ ಮೀಟರ್ ನೀರು ಹಿನ್ನೀರಿನಲ್ಲೇ ಏರತೊಡಗುತ್ತದೆ. ನಮ್ಮದು ಸಣ್ಣ ಹಿನ್ನೀರು, ಎರಡು ಹೆಕ್ಟೇರ್ ಅಷ್ಟೇ. ಅಣೆಯ ತಲೆಗೆ ಹತ್ತು ಸೆಂಟಿಮೀಟರ್ ಬಾಕಿ ಇದ್ದರೆ ಎಂಟು ನಿಮಿಷದಲ್ಲಿ ತುಂಬಿ ಮೇಲಿಂದ ಉರುಳುತ್ತಿತ್ತು. ಒಣಗಿದ ಹೊಳೆಗೆ ತಟ್ಟನೆ ಒಂದು ಹೊಳೆಯೇ ಇಳಿದ ಹಾಗೆ. ಎಲ್ಲೋ ದೂರದಲ್ಲಿ ಒಂದು ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಸಾಕು, ಇದಾಗುತ್ತದೆ.

ಒಂದು ಮಧ್ಯಾಹ್ನ ಎರಡೂ ಮಷೀನು ಒಟ್ಟಿಗೆ ಟ್ರಿಪ್ ಆದವು. ಸೈರನ್ ಗುಂಡಿ ಒತ್ತಿದೆ. ಸದ್ದಿಲ್ಲ. ಇನ್ನೊಮ್ಮೆ ಒತ್ತಿದೆ, ಇಲ್ಲ. ಸೈರನ್ನಿನ ಬ್ಯಾಟರಿ ಸತ್ತಿತ್ತು. ಬದಲಿಸಿ ಎಂದು ಹಿಂದೆ ಎರಡು ಸಲ ಬರೆದು ಕೊಟ್ಟಿದ್ದೆವು, ಬಂದಿರಲಿಲ್ಲ. ಮಷೀನನ್ನು ಜೊತೆಗಾರನ ಕೈಗೆ ಬಿಟ್ಟು ಗುಡ್ಡದ ಅಂಚಿನ ಕಾಲುದಾರಿಯಲ್ಲಿ ಓಡಿದೆ. ಕೆಳಗೆ ಮಡುವಿನಲ್ಲಿ ಇಬ್ಬರು ಹುಡುಗರು ಬಟ್ಟೆಯಲ್ಲಿ ಮೀನು ಹಿಡಿಯುತ್ತಿದ್ದರು. ಕೂಗಿದರೆ ತಲೆಯೆತ್ತಿ ಕೈ ಬೀಸಿದರು, ನಾನು ಮಾತನಾಡಿಸುತ್ತಿದ್ದೇನೆ ಅಂದುಕೊಂಡು. ಅಂಗಿ ಬಿಚ್ಚಿ ಬೀಸಿ, ಅಣೆಯ ಕಡೆ ಕೈತೋರಿಸಿ, ಗಂಟಲು ಬಿರಿಯುವಂತೆ ಕೂಗಿದ ಮೇಲೆ ಒಬ್ಬನಿಗೆ ಹೊಳೆಯಿತು. ಇಬ್ಬರೂ ಬಂಡೆ ಹತ್ತಿದರು. ಅವರ ಬಟ್ಟೆ, ಚಪ್ಪಲಿ, ಮೀನು ಹಾಕಿದ್ದ ಡಬ್ಬ ನನ್ನ ಕಣ್ಣೆದುರೇ ತೇಲಿ ಹೋದವು. ನೀರಿನ ಮುಂಭಾಗ ಗೋಡೆಯಂತೇನೂ ಬರಲಿಲ್ಲ. ನೊರೆ, ಒಣಗಿದ ಎಲೆ, ಕಡ್ಡಿಗಳ ಒಂದು ಅಂಚು, ಪಾದ ಮುಚ್ಚುವಷ್ಟು. ಅದರ ಹಿಂದೆ ಮೊಣಕಾಲು, ಅದರ ಹಿಂದೆ ಸೊಂಟ. ಪಾದದಷ್ಟು ನೀರು ನೋಡಿ ಇನ್ನೂ ಹೊತ್ತಿದೆ ಅಂದುಕೊಳ್ಳುವವರೇ ಕೊಚ್ಚಿಹೋಗುವುದು.

ಪವರ್‌ಹೌಸಿನಿಂದ ನೀರು ಹೊರಬೀಳುವ ಜಾಗವೂ ಅಷ್ಟೇ ಅಪಾಯದ್ದು. ನಿಂತ ಮಷೀನು ಯಾವ ಗಳಿಗೆಯಲ್ಲಾದರೂ ಶುರುವಾಗಬಹುದು.

ನನ್ನ ತೋಟದಲ್ಲಿ ಒಂದು ತೊರೆ ಇದೆ. ಮನೆಗೆ ಬೇಕಾದಷ್ಟು ಕರೆಂಟು ಮಾಡಿಕೊಳ್ಳಬಹುದೇ?
– ತೋಟದ ಮಾಲೀಕರು

ಮೊದಲು ಅಳೆಯಿರಿ, ಮಷೀನು ಮಾರುವವರನ್ನು ಆಮೇಲೆ ಕರೆಯಿರಿ. ತೊರೆ ನೇರವಾಗಿರುವ ಹತ್ತು ಮೀಟರ್ ಜಾಗ ಆರಿಸಿ, ಅಗಲ ಮತ್ತು ಸರಾಸರಿ ಆಳ ಅಳೆದು ಗುಣಿಸಿ. ಒಂದು ಮರದ ಚೂರು ತೇಲಿಬಿಟ್ಟು ಹತ್ತು ಮೀಟರ್ ದಾಟಲು ಎಷ್ಟು ಸೆಕೆಂಡ್ ಎಂದು ನೋಡಿ. ಮೇಲ್ಮೈ ನೀರು ತಳದ್ದಕ್ಕಿಂತ ಬೇಗ ಓಡುತ್ತದೆ, ಆದ್ದರಿಂದ ಬಂದ ವೇಗವನ್ನು 0.8ರಿಂದ ಗುಣಿಸಿ. ಅಗಲ 1.5 ಮೀಟರ್, ಆಳ 0.3, ಚೂರು ದಾಟಲು 20 ಸೆಕೆಂಡ್ ಎಂದುಕೊಳ್ಳಿ. ಆಗ ಸೆಕೆಂಡಿಗೆ 180 ಲೀಟರ್. ಬೀಳುವ ಎತ್ತರ 12 ಮೀಟರ್ ಸಿಕ್ಕಿ, ಸಣ್ಣ ಮಷೀನಾದ್ದರಿಂದ ನೂರಕ್ಕೆ ಅರವತ್ತು ಕೈಗೆ ಬಂದರೆ ಸುಮಾರು 12.7 ಕಿಲೋವ್ಯಾಟ್.

ಇದನ್ನು ಓದಿ ಸಂತೋಷಪಡುವ ಮುನ್ನ ಇದೇ ಅಳತೆಯನ್ನು ಕಡು ಬೇಸಿಗೆಯಲ್ಲಿ ಮಾಡಿ. ಮಳೆಗಾಲದ ನೀರು ನೋಡಿ ದೊಡ್ಡ ಮಷೀನು ತಂದು, ವರ್ಷದ ಅರ್ಧ ತುಕ್ಕು ಹಿಡಿಸಿದವರನ್ನು ಬಲ್ಲೆ. ಸಿಕ್ಕ ನೀರೆಲ್ಲವನ್ನೂ ಪೈಪಿಗೆ ಹಾಕಬೇಡಿ. ಪೈಪಿನ ಬಾಯಿಗೆ ಕಂಬಿಯ ಜಾಲರಿ ಇರಲಿ. ಮಳೆಗಾಲದಲ್ಲಿ ಎಲೆ ಬಾಚುವುದೇ ದಿನದ ಮುಖ್ಯ ಕೆಲಸ, ಮಷೀನು ನೋಡಿಕೊಳ್ಳುವುದಲ್ಲ. ನಮ್ಮಲ್ಲೂ ಹಾಗೆಯೇ ಇತ್ತು. ರಾತ್ರಿ ಎರಡು ಗಂಟೆಗೆ ಉದ್ದ ಕೋಲಿನ ಹಲ್ಲುಬಾಚಿ ಹಿಡಿದು ಜಾಲರಿಯ ಮೇಲೆ ನಿಂತದ್ದು ಲೆಕ್ಕವಿಲ್ಲ.

ದೊಡ್ಡ ಅಣೆಕಟ್ಟುಗಳು ಊರು ಮುಳುಗಿಸುತ್ತವೆ, ಚಿಕ್ಕವುಗಳಿಂದ ಏನೂ ತೊಂದರೆ ಇಲ್ಲ ಎನ್ನುತ್ತಾರೆ. ನೀವು ಒಪ್ಪುತ್ತೀರಾ?
– ಕಾಲೇಜು ಉಪನ್ಯಾಸಕರು

ಮೂವತ್ತೊಂದು ವರ್ಷ ಅನ್ನ ಕೊಟ್ಟ ಕೆಲಸ ಅದು. ಆದರೂ ಒಪ್ಪುವುದಿಲ್ಲ.

ಚಿಕ್ಕದು ಎನ್ನುವುದೇ ಕಾಗದದ ಮೇಲಿನ ಮಾತು. ಭಾರತದಲ್ಲಿ 25 ಮೆಗಾವ್ಯಾಟಿನವರೆಗೂ ಚಿಕ್ಕದು, ಚೀನಾದಲ್ಲಿ 50ರವರೆಗೆ, ಯುರೋಪಿನ ಹಲವೆಡೆ 10. ಹೊಳೆಗೆ ಮೆಗಾವ್ಯಾಟ್ ಗೊತ್ತಿಲ್ಲ. ಚಿಕ್ಕ ಕೇಂದ್ರ ಮುಳುಗಿಸುವುದು ಕಡಿಮೆ, ಅದು ನಿಜ. ಆದರೆ ಒಣಗಿಸುತ್ತದೆ. ಅಣೆಗೂ ಪವರ್‌ಹೌಸಿಗೂ ನಡುವಿನ ಹೊಳೆಯನ್ನು ನೋಡದೆ ಯಾವ ಕೇಂದ್ರವನ್ನೂ ಒಳ್ಳೆಯದೆಂದು ಹೇಳಬಾರದು. ಆ ಭಾಗಕ್ಕೆ ಮೀಟರಿಲ್ಲ, ಬಿಲ್ಲಿಲ್ಲ, ಕೇಳುವವರಿಲ್ಲ.

ನಮ್ಮ ಅಣೆಯ ಬುಡದಲ್ಲಿ ಎಂಟಿಂಚಿನ ಒಂದು ವಾಲ್ವ್ ಇತ್ತು. ಹೊಳೆಗೆ ಸದಾ ಇಷ್ಟು ನೀರು ಬಿಡಬೇಕೆಂದು ಪರವಾನಗಿಯಲ್ಲಿ ಬರೆದದ್ದಕ್ಕಾಗಿ ಇಟ್ಟದ್ದು. ಒಂದು ಬೇಸಿಗೆಯಲ್ಲಿ ಅದರ ಬಾಯಿಗೆ ಒಂದು ದಿಮ್ಮಿ, ಅದರ ಸುತ್ತ ಎಲೆ ಸಿಕ್ಕಿಕೊಂಡಿತು. ಹನ್ನೊಂದು ದಿನ ನಮಗ್ಯಾರಿಗೂ ಗೊತ್ತಾಗಲಿಲ್ಲ. ಬೇರಿಂಗಿನ ಬಿಸಿ, ಎಣ್ಣೆಯ ಒತ್ತಡ, ವೋಲ್ಟೇಜ್, ಹಿನ್ನೀರಿನ ಮಟ್ಟ ಎಲ್ಲವನ್ನೂ ಗಂಟೆಗೊಮ್ಮೆ ಲಾಗ್ ಶೀಟಿನಲ್ಲಿ ಬರೆಯುತ್ತಿದ್ದ ನಾವು ಆ ವಾಲ್ವನ್ನು ನೋಡಲಿಲ್ಲ. ಏಕೆಂದರೆ ಶೀಟಿನಲ್ಲಿ ಅದಕ್ಕೊಂದು ಕಲಂ ಇರಲಿಲ್ಲ.

ಹನ್ನೆರಡನೇ ದಿನ ಬೆಳಿಗ್ಗೆ ಪಾಳಿ ಮುಗಿಸಿ, ಎಂದೂ ಹೋಗದವನು ಹೊಳೆಯ ದಾರಿಯಲ್ಲೇ ಮನೆಗೆ ನಡೆದೆ. ಮಡುಗಳು ತಟ್ಟೆಯಷ್ಟಾಗಿದ್ದವು. ಒಂದರಲ್ಲಿ ಬೆರಳುದ್ದದ ಮೀನುಗಳು ಮೇಲ್ಮೈಗೆ ಬಾಯಿ ತೆರೆದು ಒತ್ತೊತ್ತಾಗಿ ನಿಂತಿದ್ದವು. ನೀರು ಬಿಸಿ. ಇನ್ನೊಂದು ಮಡು ಆಗಲೇ ಆರಿತ್ತು. ತಳದ ಕಲ್ಲಿಗೆ ಅಂಟಿಕೊಂಡ ಬಸವನಹುಳುಗಳ ಚಿಪ್ಪು ಕಾಲಿಟ್ಟಲ್ಲೆಲ್ಲ ಮುರಿದು ಸದ್ದಾಗುತ್ತಿತ್ತು. ಆ ಸದ್ದು ನನಗೆ ಇಂದಿಗೂ ಕಿವಿಯಲ್ಲಿದೆ. ನಾನು ತಿರುಗಿ ಅಣೆಗೆ ಹೋಗಿ, ಇನ್ನಿಬ್ಬರನ್ನು ಕರೆದು, ದಿಮ್ಮಿ ಎಳೆಸಿದೆ. ನೀರು ಕೆಳಗಿನ ಆ ಮಡುವಿಗೆ ಮುಟ್ಟಲು ಮುಕ್ಕಾಲು ಗಂಟೆ ಬೇಕಾಯಿತು. ಅಲ್ಲೇ ಕೂತು ಕಾದೆ.

ಆ ರಾತ್ರಿಯ ಪಾಳಿಯಿಂದ ಲಾಗ್ ಶೀಟಿನ ಬಲ ಅಂಚಿನಲ್ಲಿ ಸೀಸದಕಡ್ಡಿಯಿಂದ ಒಂದು ಗೆರೆ ಎಳೆದು ‘ಹೊಳೆ’ ಎಂದು ಬರೆದು, ಗಂಟೆಗೊಮ್ಮೆ ವಾಲ್ವಿನ ನೀರು ನೋಡಿ ತುಂಬಿಸತೊಡಗಿದೆ. ಹೀಗೆಲ್ಲ ಬರೆಯುವಂತಿಲ್ಲ ಎಂದು ಮೇಲಿನವರು ಒಮ್ಮೆ ಆಕ್ಷೇಪಿಸಿದರು. ಜೊತೆಗಾರರು ಬಿಡಲಿಲ್ಲ, ಅವರ ಪಾಳಿಯಲ್ಲಿ ಅವರೂ ಗೆರೆ ಎಳೆದರು. ನಾನು ನಿವೃತ್ತನಾಗುವ ಹೊತ್ತಿಗೆ ಆ ಕಲಂ ಅಚ್ಚಾಗಿ ಬರುತ್ತಿತ್ತು.

ಎಷ್ಟು ನೀರು ಬಿಡಬೇಕು ಎಂಬುದಕ್ಕೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಲೆಕ್ಕ. ಸ್ವಿಟ್ಜರ್ಲೆಂಡಿನ ಕಾನೂನು ನನಗೆ ಹಿಡಿಸುತ್ತದೆ. ವರ್ಷದ 347 ದಿನ ಹೊಳೆಯಲ್ಲಿ ಕನಿಷ್ಠ ಎಷ್ಟು ನೀರು ಇದ್ದೇ ಇರುತ್ತದೆ ಎಂಬುದನ್ನು ಹಲವು ವರ್ಷಗಳ ಅಳತೆಯಿಂದ ತೆಗೆದು, ಅದರ ಮೇಲೆ ಬಿಡಬೇಕಾದ ನೀರನ್ನು ಗೊತ್ತು ಮಾಡುತ್ತಾರೆ. ಅಂದರೆ ಹೊಳೆಯ ಬಡತನದ ದಿನಗಳಿಂದ ಲೆಕ್ಕ ಶುರು.

ಚಿಕ್ಕ ಕೇಂದ್ರದ ಬೆಲೆ ಹೆಚ್ಚೋ, ಅದು ತಡೆದ ಹೊಳೆಯ ಬೆಲೆ ಹೆಚ್ಚೋ ಎಂದು ತೂಗಿ ನೋಡಿದ ಒಂದು ಪ್ರಸಂಗ ಹೇಳುತ್ತೇನೆ. ಅಮೆರಿಕದ ಮೇನ್ ರಾಜ್ಯದಲ್ಲಿ ಕೆನ್ನೆಬೆಕ್ ನದಿಗೆ 1837ರಲ್ಲಿ ಎಡ್ವರ್ಡ್ಸ್ ಅಣೆ ಕಟ್ಟಿದ್ದರು. ಅದರ ವಿದ್ಯುತ್ 3.5 ಮೆಗಾವ್ಯಾಟ್. ಸಮುದ್ರದಿಂದ ಮೊಟ್ಟೆಯಿಡಲು ಬರುವ ಮೀನುಗಳು ನೂರಾರವತ್ತು ವರ್ಷ ಆ ಗೋಡೆಗೆ ಬಂದು ತಲೆ ಬಡಿದು ಹಿಂದಿರುಗುತ್ತಿದ್ದವು. 1997ರಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಪರವಾನಗಿ ನವೀಕರಿಸಲು ಒಪ್ಪದೆ ಅಣೆ ತೆಗೆಯಿರಿ ಎಂದಿತು. 1999ರ ಜುಲೈ 1ರಂದು ಒಡೆದರು. ಮೀನು ಮೇಲಕ್ಕೆ ಬಂದವು, ಲಕ್ಷಗಟ್ಟಲೆ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ ಎರಡು ಅಣೆಗಳನ್ನು 2011ರಿಂದ 2014ರೊಳಗೆ ತೆಗೆದರು. ಒಂದು ಶತಮಾನ ಕೂಡಿಟ್ಟ ಹೂಳು ಕೆಳಗಿಳಿದು ನದೀಮುಖದಲ್ಲಿ ಹೊಸ ದಡವನ್ನೇ ಕಟ್ಟಿತು. ಮೊದಲ ಪ್ರಶ್ನೆ ಕೇಳಿದ ರೈತರು ಇದನ್ನು ಓದಲಿ.

ಹಾಗೆಂದು ಎಲ್ಲವನ್ನೂ ಒಡೆಯಿರಿ ಎನ್ನುತ್ತಿಲ್ಲ. ಹಗಲಲ್ಲಿ ನೀರು ಕೂಡಿಟ್ಟು ಸಂಜೆ ಒಮ್ಮೆಲೇ ಬಿಡುವ ಕೇಂದ್ರಕ್ಕೂ, ಬಂದಷ್ಟನ್ನೇ ಓಡಿಸಿ, ಹೊಳೆಯ ಪಾಲು ಮೊದಲು ಬಿಟ್ಟು ನಡೆಯುವ ಕೇಂದ್ರಕ್ಕೂ ಬಹಳ ಅಂತರವಿದೆ. ಎರಡನೆಯ ಬಗೆಯ ಕೇಂದ್ರದಲ್ಲಿ ಕೆಲಸ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ಆ ಸೀಸದಕಡ್ಡಿಯ ಗೆರೆ ಬೇಕಾಯಿತು.

ಮೀನೇಣಿ ಕಟ್ಟಿದರೆ ಸಾಕಲ್ಲವೇ?
– ಅವರದೇ ಎರಡನೇ ಪ್ರಶ್ನೆ

ಸಾಲದು. ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಆ ಏಣಿ ಅಣೆ ಹತ್ತುವ ಮೀನಿಗೆ. ಇಳಿಯುವ ಮೀನು ನೀರಿನ ಸೆಳೆತ ಎಲ್ಲಿದೆಯೋ ಅಲ್ಲಿಗೆ, ಅಂದರೆ ನೇರ ಟರ್ಬೈನಿಗೆ ಹೋಗುತ್ತದೆ. ಹಾವುಮೀನಿನಂತೆ ಉದ್ದನೆಯ ಮೀನುಗಳಿಗೆ ಪೆಟ್ಟು ಹೆಚ್ಚು. ಇಳಿಯಲು ಬೇರೆ ದಾರಿ, ಸಣ್ಣ ಸಂದಿನ ಜಾಲರಿ ಬೇಕು. ಏಣಿಯೊಳಗೂ ವರ್ಷವಿಡೀ ನೀರು ಹರಿಯುತ್ತಿರಬೇಕು. ಒಣಗಿದ ಏಣಿಗಳನ್ನೂ ನೋಡಿದ್ದೇನೆ.

ನಮ್ಮ ಹೊಳೆಗೂ ಇಂಥ ಒಂದು ಕೇಂದ್ರ ಬರುತ್ತದೆಯಂತೆ. ಸಭೆಯಲ್ಲಿ ಏನು ಕೇಳಬೇಕು?
– ಸಹಿ ಮಾಡಿದ ಹದಿನಾಲ್ಕು ಮಂದಿ

ಎಷ್ಟು ಮೆಗಾವ್ಯಾಟ್ ಎಂದು ಅವರೇ ಹೇಳುತ್ತಾರೆ, ಅದನ್ನು ಕೇಳಬೇಕಿಲ್ಲ. ಅಣೆಗೂ ಪವರ್‌ಹೌಸಿಗೂ ನಡುವೆ ಎಷ್ಟು ಕಿಲೋಮೀಟರ್ ಹೊಳೆ ಎಂದು ಕೇಳಿ. ಆ ಭಾಗದಲ್ಲಿ ಯಾರ ಹೊಲವಿದೆ, ಯಾರ ಬಾವಿಯಿದೆ, ಯಾವ ಹಳ್ಳ ಬಂದು ಸೇರುತ್ತದೆ ಎಂದು ನೀವೇ ನಡೆದು ನೋಡಿ ಬರೆದಿಟ್ಟುಕೊಳ್ಳಿ. ಕಡು ಬೇಸಿಗೆಯ ತಿಂಗಳಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ಬಿಡುತ್ತಾರೆ ಎಂಬ ಒಂದೇ ಅಂಕಿಯನ್ನು ಬರಹದಲ್ಲಿ ಪಡೆಯಿರಿ. ‘ಸಾಕಷ್ಟು’ ಎಂಬ ಉತ್ತರ ತೆಗೆದುಕೊಳ್ಳಬೇಡಿ. ಆ ನೀರನ್ನು ಅಳೆಯುವ ಪಟ್ಟಿ ದಾರಿಹೋಕರಿಗೂ ಕಾಣುವ ಕಡೆ ಇರಲಿ, ಮಷೀನು ಮನೆಯೊಳಗಲ್ಲ. ಸೈರನ್ನನ್ನು ತಿಂಗಳಿಗೊಮ್ಮೆ ಊರವರ ಎದುರು ಊದಿಸಿ ನೋಡಬೇಕೆಂದು ಕರಾರಿನಲ್ಲಿ ಬರೆಸಿ. ಹೂಳು ಯಾವಾಗ ಬಿಡುತ್ತಾರೆ ಎಂಬುದೂ ಮುಖ್ಯ. ತುಂಬಿ ಹರಿಯುವಾಗ ಬಿಟ್ಟರೆ ಹೊಳೆ ಹೊತ್ತುಕೊಂಡು ಹೋಗುತ್ತದೆ, ಬೇಸಿಗೆಯಲ್ಲಿ ಬಿಟ್ಟರೆ ಇರುವ ಮೀನೂ ಉಸಿರುಕಟ್ಟಿ ಸಾಯುತ್ತದೆ.

ಹೊಳೆಯ ಹರಿವನ್ನು ಎಷ್ಟು ವರ್ಷ ಅಳೆದಿದ್ದಾರೆ ಎಂದು ಕೇಳಲು ಮರೆಯಬೇಡಿ. ಒಂದೇ ಮಳೆಗಾಲದ ಅಳತೆಯ ಮೇಲೆ ಕಟ್ಟಿದ ಲೆಕ್ಕವನ್ನು ನಂಬುವಂತಿಲ್ಲ. ವರದಿಯ ನಕಲು ಕೈಗೆ ಬಂದರೆ ಪತ್ರಿಕೆಯ ವಿಳಾಸಕ್ಕೆ ನನಗೂ ಒಂದು ಕಳಿಸಿಕೊಡಿ, ಅಂಕಿಗಳನ್ನು ಒಟ್ಟಿಗೆ ಕೂತು ನೋಡೋಣ.